ಗಾಜಿನಾಚೆ ಏಳು ಪುಟ

ಅಕ್ಟೋಬರ್ 4, 1999, ಸೋಮವಾರ

ಕೊರಿನ್‌ಳನ್ನು ಇವತ್ತು ಆಸ್ಪತ್ರೆಗೆ ಸೇರಿಸಿ ಬಂದೆ. ಏಳನೇ ಕೋಣೆ. ಕೋಣೆ ಎಂದರೆ ಒಂದು ಗಾಜಿನ ಪೆಟ್ಟಿಗೆ, ಗಾಳಿಯನ್ನೂ ಸೋಸಿ ಒಳಗೆ ಬಿಡುತ್ತಾರೆ. ಮೊದಲು ಔಷಧಿ ಹಾಕಿ ಅವಳ ಕೆಟ್ಟ ಅಸ್ಥಿಮಜ್ಜೆಯನ್ನೆಲ್ಲ ಸುಡುತ್ತಾರಂತೆ. ಆಮೇಲೆ ಅವಳ ಅಕ್ಕನ ಮಜ್ಜೆ ಕೊಡುತ್ತಾರೆ. ಅದು ನಾಲ್ಕು ವಾರದೊಳಗೆ ಬೇರು ಬಿಟ್ಟು ಹೊಸ ಬಿಳಿರಕ್ತಕಣ ಹುಟ್ಟಿಸಬೇಕು. ಹುಟ್ಟಿಸದಿದ್ದರೆ ಎಂಬ ಮಾತನ್ನು ಡಾಕ್ಟರೂ ಮುಗಿಸಲಿಲ್ಲ, ನಾನೂ ಕೇಳಲಿಲ್ಲ.

ಅವಳ ಚೀಲದಲ್ಲಿ ನಮ್ಮ ಅಂಗಡಿಯದೇ ಒಂದು ಕಾದಂಬರಿ ಇತ್ತು. 1907ರ ಬಾಸ್ಟನ್ ಮುದ್ರಣ, ನೀಲಿ ಬಟ್ಟೆಯ ರಟ್ಟು, ಬೆನ್ನು ಸ್ವಲ್ಪ ಮಾಸಿದೆ, ಉಳಿದಂತೆ ಒಳ್ಳೆಯ ಸ್ಥಿತಿ. ದೀಪಸ್ತಂಭದ ಕಾವಲುಗಾರನ ಇಬ್ಬರು ಹೆಣ್ಣುಮಕ್ಕಳ ಕಥೆ. ನಲವತ್ತು ಪುಟ ಓದಿದ್ದಳು. ನರ್ಸ್ ಒಡೆಟ್ ಅದನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ನನ್ನ ಕೈಗಿಟ್ಟಳು.

"ಹಳೇ ಕಾಗದ ಒಳಗೆ ಬರೋ ಹಾಗಿಲ್ಲ. ಬೂಷ್ಟು ಇರುತ್ತೆ. ಇವರ ಜೀವ ತೆಗೆಯೋಕೆ ಒಂದು ಉಸಿರು ಸಾಕು."

"ನನ್ನ ಅಂಗಡೀಲಿ ಬೂಷ್ಟು ಹಿಡಿದ ಪುಸ್ತಕ ಒಂದೂ ಇಲ್ಲ," ಎಂದೆ. ಅಂದವನೇ ಕೆಮ್ಮಿದೆ. ಮೂವತ್ತು ವರ್ಷದ ಧೂಳಿನ ಕೆಮ್ಮು, ಅದಕ್ಕೇನು ಮಾಡಲಿ?

"ನೀವೂ ಒಳಗೆ ಬರೋ ಹಾಗಿಲ್ಲ," ಎಂದಳು.

ಹಾಗಾಗಿ ಗಾಜಿನ ಆಚೆ ಅವಳು, ಈಚೆ ನಾನು, ನಡುವೆ ಒಂದು ಫೋನು. ಒಳಗೆ ಬಿಟ್ಟದ್ದು ಏನನ್ನು? ನಾನು ಕ್ಯಾಲ್ಕುಲೇಟರ್ ಎಂದು ಹಂಗಿಸುವ ಅವಳ ಪುಟ್ಟ ಕಂಪ್ಯೂಟರನ್ನು. ಅಂಗೈಯಷ್ಟಗಲದ ಆ ಯಂತ್ರದಲ್ಲಿ ಪುಸ್ತಕ ಓದುತ್ತಾಳೆ, ಪುಸ್ತಕದಂಗಡಿಯವನ ಹೆಂಡತಿ! ಸ್ಪಿರಿಟ್ ಹಾಕಿ ಒರೆಸಬಹುದಲ್ಲ, ಅದಕ್ಕೆ ಅದು ಶುದ್ಧವಂತೆ. ಪುಸ್ತಕ ಕೊಳಕು, ಗಂಡ ಕೊಳಕು.

ಅಕ್ಟೋಬರ್ 6, ಬುಧವಾರ

ಅವಳ ಯಂತ್ರದಲ್ಲಿದ್ದ ಪುಸ್ತಕಗಳೆಲ್ಲ ಮುಗಿದವಂತೆ. ಅವೆಲ್ಲ ಫೆರಿ ಹಡಗಿನ ಮೇಲೆ ಸಿಕ್ಕವು. ಹತ್ತೊಂಬತ್ತು ವರ್ಷದಿಂದ ಬ್ರೆಮರ್ಟನ್ ಫೆರಿಯಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಅವಳದು. ದಿನಾ ಓಡಾಡುವವರಲ್ಲಿ ಇಂಥ ಯಂತ್ರ ಇರುವವರು ಹತ್ತು ಹನ್ನೆರಡು ಜನ. ಇಬ್ಬರು ಎದುರು ಬದುರು ನಿಂತು ಯಂತ್ರಗಳನ್ನು ಮೂಗಿಗೆ ಮೂಗು ತಾಗಿಸುವಂತೆ ಹಿಡಿಯುತ್ತಾರೆ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಪುಸ್ತಕ ಇತ್ತಿಂದತ್ತ ಹೋಗುತ್ತದೆ. ನಾನೊಮ್ಮೆ ನೋಡಿದ್ದೇನೆ. ದೊಡ್ಡವರು ಮಕ್ಕಳಾಟ ಆಡಿದ ಹಾಗಿತ್ತು.

"ಆ ನೀಲಿ ಪುಸ್ತಕ ನೀನೇ ಟೈಪ್ ಮಾಡಿ ಕೊಡೋ," ಎಂದಳು.

"ಪುಸ್ತಕ ಅಂದ್ರೆ ಬರೀ ಅಕ್ಷರ ಅಲ್ಲ ಕೊರಿನ್."

"ನನಗೆ ಬರೀ ಅಕ್ಷರ ಸಾಕು ಮಾರಾಯ. ರಟ್ಟು ನೀನಿಟ್ಕೋ."

ಇನ್ನೊಂದು ಮಾತು ತೆಗೆದುಕೊಂಡಳು. ದಿನಾ ಬೆಳಿಗ್ಗೆ ಬಿಳಿರಕ್ತಕಣದ ಲೆಕ್ಕ ಬರುತ್ತದಲ್ಲ, ಅದನ್ನು ನಾನೇ ಹೇಳಬೇಕಂತೆ. "ಡಾಕ್ಟರು ಮೊದಲು ನಗ್ತಾರೆ, ಆಮೇಲೆ ಹೇಳ್ತಾರೆ. ನೀನು ನಗೋ ಪೈಕಿ ಅಲ್ಲ. ನೀನೇ ಹೇಳು." ಒಡೆಟ್‌ಗೂ ಡಾಕ್ಟರಿಗೂ ಹಾಗೇ ಹೇಳಿಟ್ಟಿದ್ದಾಳೆ.

ಸ್ಪೊಕೇನ್‌ನ ವಕೀಲರೊಬ್ಬರ ಮನೆಯ ಪುಸ್ತಕಗಳು ಮಾರಾಟಕ್ಕಿವೆ. ಸಮುದ್ರಯಾನದ ಹನ್ನೊಂದು ಸಂಪುಟ, ಒಂದೂ ಕಳೆದಿಲ್ಲ. ಹತ್ತು ವರ್ಷದಿಂದ ಹುಡುಕುತ್ತಿರುವುದು. 23ಕ್ಕೆ ಏನೇ ಆದರೂ ಹೋಗಲೇಬೇಕು.

ಅಕ್ಟೋಬರ್ 9, ಶನಿವಾರ

ಎರಡು ಬೆರಳಲ್ಲಿ ಒಂದು ಅಧ್ಯಾಯ ಟೈಪ್ ಮಾಡುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು. ಆದರೆ ಕೆಲಸ ಅಚ್ಚುಕಟ್ಟಾಗಿದೆ. ಮೂಲದ ಪ್ರತಿ ಪುಟ ಶುರುವಾಗುವಲ್ಲಿ ಅದರ ಸಂಖ್ಯೆಯನ್ನು ಕಂಸದಲ್ಲಿ ಹಾಕಿದ್ದೇನೆ. 47ನೇ ಪುಟದ ಅಚ್ಚಿನ ತಪ್ಪನ್ನೂ ಹಾಗೇ ಉಳಿಸಿದೆ. ತಿದ್ದಲು ನಾನ್ಯಾರು?

ಫೆರಿಯ ಎಂಜಿನ್ ಕೋಣೆಯ ರುಫೀನೊ ತನ್ನ ಯಂತ್ರವನ್ನು ನನಗೆ ಕೊಟ್ಟು ಹೋಗಿದ್ದಾನೆ. ಕಂಪ್ಯೂಟರಿಗೆ ಸಿಕ್ಕಿಸುವ ಪೀಠಕ್ಕೆ ತೊಟ್ಟಿಲು ಅನ್ನುತ್ತಾರಂತೆ. "ತೊಟ್ಟಿಲಲ್ಲಿ ಮಲಗ್ಸಿ, ಗುಂಡಿ ಒತ್ತಿ, ಅಷ್ಟೇ ಅಣ್ಣ. ಅಳೋದಿಲ್ಲ," ಎಂದ. ಇವನ ಹಾಸ್ಯ ಇವನಿಗೇ ಇರಲಿ.

ಹತ್ತು ಗಂಟೆಗೆ ಗಾಜಿಗೆ ಯಂತ್ರ ಒತ್ತಿ ಹಿಡಿದೆ. ಕೊರಿನ್ ಆ ಕಡೆಯಿಂದ ತನ್ನದನ್ನು ತಂದು ಅದೇ ಜಾಗಕ್ಕೆ ಒತ್ತಿದಳು. ಗಾಜಿನ ಮೂಲಕವೇ ಅಧ್ಯಾಯ ದಾಟಿ ಹೋಯಿತು. ಒಪ್ಪಿಕೊಳ್ಳಬೇಕು, ದಾಟಿದ ಜಾಗವನ್ನು ಬೆರಳಿಂದ ಸವರಿ ನೋಡಿದೆ.

ಓದುತ್ತಲೇ ಫೋನ್ ಎತ್ತಿದಳು. "ಪುಟದ ನಂಬರ್ ಯಾಕೋ ಹಾಕಿದೀಯ? ಇದ್ರಲ್ಲಿ ಪುಟಾನೇ ಇಲ್ಲ."

"ಪುಸ್ತಕದಲ್ಲಿದೆ."

"ನಿನ್ನ ಕಟ್ಕೊಂಡು ಏಗಿದ್ದಕ್ಕೆ ನನಗೆ ಪೆನ್ಷನ್ ಕೊಡ್ಬೇಕು," ಎಂದಳು.

ಅಕ್ಟೋಬರ್ 12, ಮಂಗಳವಾರ

ಅಕ್ಕನ ಮಜ್ಜೆ ಕೊಟ್ಟರು. ಕೆಂಪಗಿನ ಒಂದು ಚೀಲ, ಅಷ್ಟೇ. ನಾನೇನೋ ದೊಡ್ಡದಾಗಿ ಊಹಿಸಿದ್ದೆ. ಇವತ್ತಿಗೆ ಶುರು, ಇಪ್ಪತ್ತೆಂಟು ದಿನ ಕಾಯಬೇಕು. ನಾಲ್ಕು ಮತ್ತು ಐದನೇ ಅಧ್ಯಾಯ ಕೊಟ್ಟೆ.

ಅಕ್ಟೋಬರ್ 16, ಶನಿವಾರ

ಆರನೇ ಕೋಣೆಯಲ್ಲಿ ವರ್ನನ್ ಎಂಬಾತ ಇದ್ದಾನೆ. ಯಾಕಿಮಾ ಕಡೆಯವನು, ಸೇಬು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದ. ಅರುವತ್ತು ದಾಟಿದೆ. ಅವನದೂ ಇದೇ ಚಿಕಿತ್ಸೆ, ಕೊರಿನ್‌ಗಿಂತ ಒಂದು ವಾರ ಮುಂದಿದ್ದಾನೆ. ಮಗಳು ಕೊಡಿಸಿದ ಯಂತ್ರ ಅವನ ಹತ್ತಿರವೂ ಇದೆ, ಅದರಲ್ಲಿ ಇಸ್ಪೀಟು ಬಿಟ್ಟು ಬೇರೇನೂ ಇರಲಿಲ್ಲ. ಕೊರಿನ್ ಒಳಗಿನ ಫೋನಿನಲ್ಲಿ ಪರಿಚಯ ಮಾಡಿಕೊಂಡು, ಮೊದಲ ನಲವತ್ತು ಪುಟವನ್ನು ಮೂರು ಮಾತಲ್ಲಿ ಹೇಳಿ ಮುಗಿಸಿ, ಉಳಿದದ್ದನ್ನು ನಾನು ಅವನ ಗಾಜಿಗೂ ಹಿಡಿಯಬೇಕೆಂದು ಅಪ್ಪಣೆ ಮಾಡಿದಳು. ನನ್ನನ್ನು ಯಾರು ಕೇಳಬೇಕು?

ಇವತ್ತು ಅವನ ಗಾಜಿನ ಫೋನ್ ಎತ್ತಿದರೆ, "ಪುಸ್ತಕದ ಸಾಹೇಬ್ರೇ, ನಾನು ಜನ್ಮದಲ್ಲಿ ಒಂದು ಪುಸ್ತಕ ಮುಗಿಸ್ದೋನಲ್ಲ. ಕಥೇಲಿ ಆ ಪಾದ್ರಿ ಇದಾನಲ್ಲ, ಅಕ್ಕನ್ನೂ ನೋಡ್ತಾನೆ, ತಂಗೀನೂ ನೋಡ್ತಾನೆ. ನನ್ನ ಶೆಡ್ಡಿಗೆ ಬಂದಿದ್ರೆ ಮಧ್ಯಾಹ್ನದ ಊಟದೊಳಗೆ ಮನೇಗೆ ಕಳಿಸ್ತಿದ್ದೆ," ಎಂದ.

"ಮುಂದೆ ಓದಿ," ಎಂದೆ.

"ತಂಗಿ ಡಾರ್ಕಸ್ ಒಳ್ಳೇ ಹುಡುಗಿ. ಅವಳಿಗೇನಾದ್ರೂ ಆದ್ರೆ ನಿಮ್ಮನ್ನ ಬಿಡಲ್ಲ ನೋಡಿ."

ಇಬ್ಬರೂ ಸಂಜೆ ಫೋನಿನಲ್ಲಿ ಆ ಪಾದ್ರಿಯ ವಿಷಯಕ್ಕೆ ಜಗಳವಾಡುತ್ತಾರಂತೆ. ಕೊರಿನ್ ನಕ್ಕದ್ದು ಕಾರಿಡಾರಿಗೇ ಕೇಳಿಸುತ್ತದೆ ಎಂದು ಒಡೆಟ್ ಹೇಳಿದಳು. ಇಷ್ಟು ವರ್ಷ ನಾನು ಅವಳ ಹತ್ತಿರ ಪುಸ್ತಕದ ಸ್ಥಿತಿಯ ಬಗ್ಗೆ ಮಾತಾಡಿದ್ದೇನೆಯೇ ಹೊರತು ಪುಸ್ತಕದ ಬಗ್ಗೆ ಮಾತಾಡಿದ್ದು ನೆನಪಿಲ್ಲ. ಇರಲಿ.

ಅಕ್ಟೋಬರ್ 20, ಬುಧವಾರ

ಬಾಯಿ, ಗಂಟಲೆಲ್ಲ ಹುಣ್ಣು. ಮಾತಾಡಲು ಆಗುತ್ತಿಲ್ಲ, ಎಂಜಲು ನುಂಗಲೂ ಆಗುತ್ತಿಲ್ಲ. ಕೂದಲು ಪೂರ್ತಿ ಹೋಗಿದೆ. ಲೆಕ್ಕ: ಸೊನ್ನೆ. ಹೇಳಿದೆ. ತಲೆಯಾಡಿಸಿದಳು.

ಅಧ್ಯಾಯ ತಂದಿದ್ದೇನೆ, ಬೇಕಾ ಅಂದೆ. ಗಾಜಿಗೆ ಒಂದು ಸಲ ಬಡಿದಳು. ಬೇಕು ಎಂದರ್ಥ. ಅವಳ ಯಂತ್ರ ಎರಡು ಸಲ ಗಾಜಿನಿಂದ ಜಾರಿತು. ಅಧ್ಯಾಯ ಮೂರನೇ ಪ್ರಯತ್ನಕ್ಕೆ ದಾಟಿತು.

ಅಕ್ಟೋಬರ್ 23, ಶನಿವಾರ

ಜ್ವರ ನೂರ ನಾಲ್ಕು. ಇಡೀ ದಿನ ಗಾಜಿನ ಹತ್ತಿರವೇ ಇದ್ದೆ.

ಅಕ್ಟೋಬರ್ 25, ಸೋಮವಾರ

ಜ್ವರ ಇಳಿಯಿತು! ಎರಡು ಮಾತಾಡಿದಳು: "ಹದಿನೇಳನೇದು ಎಲ್ಲಿ?" ಟೈಪ್ ಆಗಿರಲಿಲ್ಲ. ಓಡಿ ಹೋಗಿ ಮಾಡಿಕೊಂಡು ಬಂದೆ. ಕಳೆದ ವಾರಕ್ಕಿಂತ ಬೆರಳು ಬೇಗ ಓಡುತ್ತಿವೆ.

ಸ್ಪೊಕೇನ್‌ನಿಂದ ಯಾರೋ ವಕೀಲರ ಮಗ ಅಂಗಡಿಗೆ ಫೋನ್ ಮಾಡಿ, ಶನಿವಾರ ಯಾಕೆ ಬರಲಿಲ್ಲ ಅಂದ. ಆಮೇಲೆ ಮಾತಾಡುತ್ತೇನೆ ಅಂತ ಇಟ್ಟೆ.

ಅಕ್ಟೋಬರ್ 27, ಬುಧವಾರ

ವರ್ನನ್‌ಗೆ ಉಸಿರಾಟ ಕಷ್ಟವಾಗಿದೆಯಂತೆ. ಬೆಳಿಗ್ಗೆ ಅವನ ಕೋಣೆ ಖಾಲಿ ಇತ್ತು, ತೀವ್ರ ನಿಗಾ ವಿಭಾಗಕ್ಕೆ ಒಯ್ದಿದ್ದರು. ಕೊರಿನ್‌ಗೆ ಗೊತ್ತಿಲ್ಲ. ಹೇಳಲಿಲ್ಲ. "ಗಂಟಲು ನೋವಂತೆ, ಮಾತಾಡಲ್ಲ," ಅಂದೆ. ಅವಳಿಗೂ ಹಾಗೇ ಆಗಿತ್ತಲ್ಲ, ನಂಬಿದಳು.

ಲೆಕ್ಕ ಇನ್ನೂ ಸೊನ್ನೆ. ಹದಿನೈದು ದಿನ ಕಳೆಯಿತು. "ಇನ್ನೂ ಟೈಮಿದೆ," ಅಂದರು ಡಾಕ್ಟರು. ಮೊದಲು ನಕ್ಕು, ಆಮೇಲೆ.

ಅಕ್ಟೋಬರ್ 29, ಶುಕ್ರವಾರ

ವರ್ನನ್ ತೀರಿಕೊಂಡ. ಅವನ ಮಗಳು ಲಿಫ್ಟಿನ ಹತ್ತಿರ ಸಿಕ್ಕಳು, ಕೈಯಲ್ಲಿ ಅಪ್ಪನ ಚಪ್ಪಲಿ ಇದ್ದ ಪ್ಲಾಸ್ಟಿಕ್ ಚೀಲ. "ಅಪ್ಪ ಹದಿನೆಂಟನೇ ಅಧ್ಯಾಯದವರೆಗೂ ಓದಿದ್ರು. ನಿಮಗೆ ಹೇಳು ಅಂದಿದ್ರು," ಎಂದಳು. ಆ ಚೀಲವನ್ನು ಕಾರಿನವರೆಗೆ ಹೊತ್ತುಕೊಂಡು ಹೋಗಿ ಕೊಟ್ಟೆ.

ಹಾಳು ಹಣೆಬರಹ ನೋಡಿ, ಇವತ್ತೇ ಹತ್ತೊಂಬತ್ತನೇ ಅಧ್ಯಾಯ. ಡಾರ್ಕಸ್ ಸಾಯುತ್ತಾಳೆ. 231ರಿಂದ 237, ಏಳು ಪುಟ ಹಾಸಿಗೆ ಹಿಡಿದು ಸಾಯುತ್ತಾಳೆ. ನಾನು ಮುಂದೆ ಓದಿಕೊಂಡಿರಲಿಲ್ಲ. ಮೂವತ್ತು ವರ್ಷ ಕಪಾಟಿನಲ್ಲಿ ಇಟ್ಟುಕೊಂಡಿದ್ದರೂ ಓದಿರಲಿಲ್ಲ, ಥೂ.

ಅವಳಿಗೆ ಇದನ್ನು ಹೇಗೆ ಕೊಡಲಿ? ಮಜ್ಜೆ ಬೇರು ಬಿಡಬೇಕಾದರೆ ಅವಳು ಧೈರ್ಯವಾಗಿರಬೇಕು. ಡಾಕ್ಟರು ಹಾಗೆ ಹೇಳಿಲ್ಲ. ನಾನು ಹೇಳುತ್ತಿದ್ದೇನೆ. ಪಕ್ಕದ ಕೋಣೆಯಲ್ಲೂ ಸಾವು, ಅಂಗೈಯಲ್ಲೂ ಸಾವು ಎಂದರೆ ಹೆಂಗಸು ಯಾವುದನ್ನು ಹಿಡಿದುಕೊಂಡು ಏಳಬೇಕು?

ಏಳು ಪುಟ ಬಿಟ್ಟುಬಿಟ್ಟೆ. ಅದರ ಜಾಗದಲ್ಲಿ ನಾನೇ ಆರು ಸಾಲು ಬರೆದೆ: ಡಾರ್ಕಸ್‌ಳ ಜ್ವರ ಇಳಿಯಿತು, ಹವಾ ಬದಲಾವಣೆಗೆಂದು ಪೋರ್ಟ್‌ಲ್ಯಾಂಡಿನ ಚಿಕ್ಕಮ್ಮನ ಮನೆಗೆ ಹೋದಳು. ಮುಂದಿನ ಅಧ್ಯಾಯಗಳಲ್ಲಿ ಅವಳ ಗೋರಿಯ ಮಾತು ಬಂದಲ್ಲೆಲ್ಲ ಅವಳ ಪತ್ರ ಎಂದು ಬದಲಾಯಿಸಿದರೆ ಆಯಿತು. ಇಷ್ಟು ಮಾಡಿದವನಿಗೆ ಪುಟದ ಸಂಖ್ಯೆಯಲ್ಲಿ ಕೈ ನಿಂತಿತು. 231 ಅಲ್ಲದ್ದನ್ನು 231 ಎಂದು ಹಾಕಲು ಆಗಲಿಲ್ಲ. 230 ಆದಮೇಲೆ 238 ಅಂತ ಇದ್ದದ್ದನ್ನೇ ಹಾಕಿದೆ. ಆ ಕಂಸಗಳನ್ನು ಅವಳು ಎಲ್ಲಿ ನೋಡುತ್ತಾಳೆ?

ಅಕ್ಟೋಬರ್ 31, ಭಾನುವಾರ

ನೋಡಿದಳು.

ಒಡೆಟ್ ವೇಷ ಹಾಕುವ ಹ್ಯಾಲೋವೀನ್ ಹಬ್ಬಕ್ಕೆಂದು ತಲೆಗೆ ಬೆಕ್ಕಿನ ಕಿವಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಲೆಕ್ಕ ಸೊನ್ನೆ ಎಂದು ಹೇಳಿ ಯಂತ್ರ ಹಿಡಿಯಲು ಹೋದೆ. ಕೊರಿನ್ ತನ್ನದನ್ನು ಎತ್ತಲಿಲ್ಲ. ಫೋನ್ ಎತ್ತಿದಳು.

"ಡಾರ್ಕಸ್ ಚಿಕ್ಕಮ್ಮನ ಮನೇಗೆ ಹೋದ್ಳಂತೆ."

"ಹೌದು."

"ಯಾವ ಚಿಕ್ಕಮ್ಮ? ಇನ್ನೂರ ಮೂವತ್ತು ಪುಟದಲ್ಲಿ ಎಲ್ಲೂ ಇಲ್ದೇ ಇರೋ ಚಿಕ್ಕಮ್ಮ?"

"ಹಳೇ ಕಾದಂಬರಿ. ಹಾಗೆಲ್ಲ ಬರ್ತಾರೆ."

"ಆರ್ವಿಡ್, ಮದುವೆ ಆದ ಹೊಸದ್ರಲ್ಲಿ ಭಾನುವಾರ ಭಾನುವಾರ ನನ್ನ ಕೂರಿಸ್ಕೊಂಡು ಪುಟ ಎಣಿಸೋದು ಕಲಿಸ್ದೋನು ನೀನು. ಪುಸ್ತಕ ಕೊಳ್ಳೋ ಮುಂಚೆ ಎಲ್ಲಾ ಹಾಳೆ ಇದೆಯಾ ನೋಡು ಅಂತ. ಇನ್ನೂರ ಮೂವತ್ತಾದ್ಮೇಲೆ ಇನ್ನೂರ ಮೂವತ್ತೆಂಟು. ಏಳು ಪುಟ ಎಲ್ಲಿ?"

ನಾನು ಯಂತ್ರವನ್ನು ಜೇಬಿಗೆ ಇಳಿಸಿದೆ.

"ಏಳು ಪುಟ ಹೋಗಿರೋ ಪುಸ್ತಕಾನ ನಿನ್ನ ಮಾರಾಟದ ಪಟ್ಟೀಲಿ ಏನಂತ ಬರೀತೀಯ?"

"ಪುಟಗಳಿಲ್ಲ ಅಂತ."

"ಬರೀದೇ ಮಾರಿದ್ರೆ?"

"ಮೋಸ," ಎಂದೆ. ಇನ್ನೇನು ಅನ್ನಲಿ? ಅದು ಮೋಸವೇ.

ಆಗ ಕೇಳಿದಳು, "ವರ್ನನ್ ಎಲ್ಲಿ?"

ನನ್ನ ಮುಖ ನೋಡಿದಳು. ಫೋನ್ ಇಟ್ಟು ಗೋಡೆ ಕಡೆಗೆ ತಿರುಗಿ ಮಲಗಿದಳು. ಒಂದು ಗಂಟೆ ನಿಂತೆ. ತಿರುಗಲಿಲ್ಲ. ಒಡೆಟ್ ಬಂದು ಆ ಕಿವಿಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, "ಅವ್ರು ನನ್ನೂ ಕೇಳಿದ್ರು. ಒಬ್ಬ ರೋಗೀದು ಇನ್ನೊಬ್ರಿಗೆ ನಾವು ಹೇಳೋ ಹಾಗಿಲ್ಲ, ನಿಮ್ಮೆಜಮಾನ್ರನ್ನ ಕೇಳಿ ಅಂದೆ," ಎಂದಳು.

ನವೆಂಬರ್ 1, ಸೋಮವಾರ

ಪರದೆ ಎಳೆದಿತ್ತು. ಹತ್ತರಿಂದ ಎರಡು ಗಂಟೆವರೆಗೆ ಪರದೆ ನೋಡುತ್ತ ಕೂತೆ. ಮನೆಗೆ ಹೋಗಿ ಎಂದಳು ಒಡೆಟ್. ಎಲ್ಲಿಗೆ ಹೋಗಲಿ? ಎರಡೂಕಾಲಿಗೆ ಪರದೆ ಸರಿಯಿತು. ಫೋನ್ ಎತ್ತಿದಳು. ನಾನೇ ಹೇಳಿದೆ. ಬುಧವಾರ ಒಯ್ದರು, ಶುಕ್ರವಾರ ಬೆಳಿಗ್ಗೆ ಹೋದ, ಮಗಳು ಜೊತೆಗಿದ್ದಳು, ಹದಿನೆಂಟನೇ ಅಧ್ಯಾಯದವರೆಗೆ ಓದಿದ್ದ. ಒಂದೂ ಬಿಡದೆ ಹೇಳಿದೆ. ಚಪ್ಪಲಿಯ ಚೀಲವನ್ನೂ ಹೇಳಿದೆ.

ಅವಳು ಅತ್ತಳು. ಹುಣ್ಣಿನ ಬಾಯಿ ತೆರೆದು ಅಳಲೂ ಆಗದೆ ಅತ್ತಳು. ನಾನು ಅಂಗೈಯನ್ನು ಗಾಜಿಗಿಟ್ಟುಕೊಂಡು ನಿಂತಿದ್ದೆ, ಅದರಿಂದ ಅವಳಿಗೇನಾಗಬೇಕು?

"ನಾಲ್ಕು ದಿನ ಕಣೋ," ಎಂದಳು. "ನಾಲ್ಕು ದಿನ ಅವನ ಕೋಣೆಗೆ ಫೋನ್ ಮಾಡ್ದೆ. ಎತ್ತಲ್ಲ ಅಂತ ಬೈದೆ. ಸೊಕ್ಕು ಬಂತಾ ಮುದುಕನಿಗೆ, ಪಾದ್ರಿ ವಿಷಯದಲ್ಲಿ ಸೋತ ಅಂತ ಮುನಿಸ್ಕೊಂಡ್ನಾ ಅಂದ್ಕೊಂಡೆ. ಖಾಲಿ ಕೋಣೆಗೆ!"

"ನಿನಗೆ ಧೈರ್ಯ ಕುಸೀಬಾರ್ದು ಅಂತ..."

"ನನ್ನ ಧೈರ್ಯ ನನಗಿರ್ಲಿ. ನೀನು ಏನು ಮಾಡ್ದೆ ಗೊತ್ತಾ? ಮೂರು ವಾರದಿಂದ ದಿನಾ ಬಂದು ಸೊನ್ನೆ ಅಂತೀಯ. ನಾಳೆ ಬಂದು ನೂರು ಅಂದ್ರೆ ನಾನು ಹೆಂಗೋ ನಂಬ್ಲಿ? ಅದೂ ಪೋರ್ಟ್‌ಲ್ಯಾಂಡಿನ ಚಿಕ್ಕಮ್ಮ ಅಲ್ಲ ಅಂತ ಹೆಂಗೆ ತಿಳ್ಕೊಳ್ಲಿ?"

ಅವಳಿಗೆ ಒಳ್ಳೆಯ ಸುದ್ದಿ ಒಂದು ಬಂದರೂ ಅದು ಕೆಲಸಕ್ಕೆ ಬಾರದ ಹಾಗೆ ಮಾಡಿಟ್ಟಿದ್ದೇನೆ. ಎಷ್ಟು ಸಲ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

"ಏಳು ಪುಟ ಟೈಪ್ ಮಾಡ್ಕೊಂಡು ಬಾ," ಎಂದು ಫೋನ್ ಇಟ್ಟಳು.

ನವೆಂಬರ್ 2, ಮಂಗಳವಾರ

ಟೈಪ್ ಮಾಡಿದೆ. 231, 232, 233, ಹೀಗೆ ಪ್ರತಿಯೊಂದೂ. ಅಲ್ಪವಿರಾಮವನ್ನೂ ಬಿಡಲಿಲ್ಲ. ನಡುವೆ ಎರಡು ಸಲ ಎದ್ದು ಓಡಾಡಬೇಕಾಯಿತು, ಕನ್ನಡಕ ಒರೆಸಿಕೊಳ್ಳಬೇಕಾಯಿತು. ಪುಸ್ತಕ ಮಾತ್ರ ಏನೇನೂ ಚೆನ್ನಾಗಿಲ್ಲ.

ಗಾಜಿಗೆ ಹಿಡಿದೆ. ಬಂದು ಒತ್ತಿದಳು. ನನ್ನೆದುರೇ ಕೂತು ಓದಿದಳು. ಗುಂಡಿ ಒತ್ತಿ ಸಾಲುಗಳನ್ನು ಮೇಲೆ ತಳ್ಳುತ್ತ, ತಳ್ಳುತ್ತ. ಇಪ್ಪತ್ತು ನಿಮಿಷ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆಮೇಲೆ ಫೋನ್.

"ಏಳು ಪುಟ ತಗೋತಾಳಲ್ಲೋ ಸಾಯೋಕೆ! ಒಬ್ಬೊಬ್ಬರನ್ನೇ ಕರೆದು ಬುದ್ಧಿವಾದ ಹೇಳ್ತಾಳೆ. ಆ ಪಾದ್ರಿಗೂ ಹೇಳ್ತಾಳೆ. ಬಾಯಲ್ಲಿ ಹುಣ್ಣಿಲ್ಲ, ವಾಂತಿ ಇಲ್ಲ, ಕೂದಲು ದಿಂಬಿನ ತುಂಬ ಹರಡ್ಕೊಂಡು ಮಲಗಿದಾಳೆ."

"ಕೆಟ್ಟದಾಗಿದೆ," ಎಂದೆ.

"ನಿನ್ನ ಆರು ಸಾಲೇ ಇದಕ್ಕಿಂತ ಚೆನ್ನಾಗಿದ್ವು." ನಕ್ಕಳೆಂದು ಕಾಣುತ್ತದೆ, ಆಮೇಲೆ ಮುಖ ಒರೆಸಿಕೊಂಡಳು. "ವರ್ನನ್ ಓದಿದ್ರೆ ಡಬ್ಬೀನ ಗೋಡೆಗೆ ಎಸೀತಿದ್ದ. ಅವನು ಪಾದ್ರೀನ ಏನಂತಿದ್ದ ಹೇಳ್ಲಾ?"

ಹೇಳಿದಳು. ಬರೆಯುವಂಥದ್ದಲ್ಲ. ಎರಡು ಗಂಟೆ ಮಾತಾಡಿದೆವು. ವರ್ನನ್ ಬಗ್ಗೆ, ಡಾರ್ಕಸ್ ಬಗ್ಗೆ, ತನಗೆ ಸಾಯಲು ಹೆದರಿಕೆ ಇದೆಯೋ ಇಲ್ಲವೋ ಎಂಬುದರ ಬಗ್ಗೆ. ಇದೆಯಂತೆ. ನನಗೂ ಇದೆ, ಅವಳು ಸಾಯುವುದರ ಬಗ್ಗೆ. ಹಾಗೇ ಹೇಳಿದೆ. ಕೈ ಮರಗಟ್ಟಿ ಫೋನನ್ನು ಎಡಗಿವಿಗೆ ಬದಲಾಯಿಸಿದ್ದು ನೆನಪಿದೆ.

ಹೊರಡುವಾಗ ಕೇಳಿದಳು, "ಬೆಳಿಗ್ಗೆ ಸೊನ್ನೆ ಅಂದ್ಯಲ್ಲ. ನಿಜವಾ?"

ನವೆಂಬರ್ 3, ಬುಧವಾರ

ಸೊನ್ನೆ. "ನಿಜವಾ?" "ನಿಜ." ಹುಬ್ಬು ಗಂಟಿಕ್ಕಿ ನೋಡಿದಳು.

ನವೆಂಬರ್ 4, ಗುರುವಾರ

ಸೊನ್ನೆ. "ನಿಜವಾ?" ಇಪ್ಪತ್ತಮೂರು ದಿನ ಆಯಿತು. ಡಾಕ್ಟರು ಇವತ್ತು ನಗಲಿಲ್ಲ. ಅದನ್ನೂ ಅವಳಿಗೆ ಹೇಳಿದೆ. "ಹೇಳಿದ್ದು ಒಳ್ಳೇದಾಯ್ತು," ಎಂದಳು.

ನವೆಂಬರ್ 5, ಶುಕ್ರವಾರ

ಒಡೆಟ್ ಬೆಳಿಗ್ಗೆ ಕಾರಿಡಾರಿನ ಆ ತುದಿಯಿಂದಲೇ ಓಡಿ ಬಂದು ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ನೋಡಿದೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಹೆಸರು ಸರಿಯಾಗಿದೆಯಾ, ತಾರೀಖು ಸರಿಯಾಗಿದೆಯಾ, ಎಲ್ಲ ನೋಡಿದೆ. ಇನ್ನೂರು.

ಫೋನ್ ಎತ್ತಿದೆ. "ಇನ್ನೂರು ಕೊರಿನ್. ಇನ್ನೂರು ಬಂದಿದೆ."

ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಗಾಜಿನ ಆಚೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಂಬಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ನನಗೆ ಕಾಣುತ್ತಿತ್ತು. ನಂಬಲಾಗುತ್ತಿರಲಿಲ್ಲ.

ಹಾಳೆಯನ್ನು ಬಿಡಿಸಿ ಗಾಜಿಗೆ ಒತ್ತಿ ಹಿಡಿದೆ. ಹತ್ತಿರ ಬಂದಳು. ಔಷಧಿಯ ಕೊಳವೆಗಳನ್ನು ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದು, ಮೇಲಿನ ಹೆಸರಿನಿಂದ ಕೆಳಗಿನ ಸಹಿಯವರೆಗೆ ಒಂದೊಂದೇ ಸಾಲು ಓದಿದಳು. ಒಂದು ತಿಂಗಳ ಮೇಲೆ ಅವಳು ಕಾಗದದ ಮೇಲೆ ಓದಿದ್ದು ಅದೇ ಮೊದಲು. ಮುಗಿಸಿ ಬೆರಳನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದಳು: ಹಿಂಬದಿ.

ತಿರುಗಿಸಿ ಹಿಡಿದೆ. ಖಾಲಿ ಇತ್ತು. ಅದನ್ನೂ ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಹಣೆಯನ್ನು ಗಾಜಿಗೆ ಆನಿಸಿ, ಕಣ್ಣು ಮುಚ್ಚಿ, ಹೂಂ ಎಂದು ತಲೆಯಾಡಿಸಿದಳು.